ಒಂದು ಗುಲಾಬಿ ಬಣ್ಣಕ್ಕಾಗಿ ಮೂವತ್ತು ವರ್ಷ

1716ನೆಯ ಇಸವಿಯ ಮೂರು ಕಾಗದಗಳು ಉಳಿದುಬಂದಿವೆ. ಬರೆದವರು ಮೂವರೂ ಬೇರೆ ಬೇರೆ ಊರಿನಲ್ಲಿ ಕುಳಿತವರು, ಬೇರೆ ಬೇರೆ ಲಾಭನಷ್ಟದ ಲೆಕ್ಕ ಇಟ್ಟುಕೊಂಡವರು. ಆದರೂ ಮೂರು ಕಾಗದಗಳ ವಿಷಯ ಒಂದೇ: ಎನಾಮೆಲ್. ಮೊದಲನೆಯದು ಬೀಜಿಂಗ್‌ನ ಅರಮನೆಯಲ್ಲಿದ್ದ ಇಟಲಿಯ ಪಾದ್ರಿ ಮತ್ತೆಯೊ ರಿಪಾ ಬರೆದ ಪತ್ರ. ಚಕ್ರವರ್ತಿ ಕಾಂಗ್‌ಶಿಗೆ ಯುರೋಪಿನ ಎನಾಮೆಲ್ ಚಿತ್ರಕಲೆಯ ಹುಚ್ಚು ಹಿಡಿದಿದೆ, ತನಗೂ ಚಿತ್ರಕಾರ ಕಾಸ್ತಿಲ್ಯೋನೆಗೂ ಆ ಕೆಲಸ ಮಾಡಲು ಅಪ್ಪಣೆಯಾಗಿದೆ, ಬೆಳಗಿನಿಂದ ಸಂಜೆಯವರೆಗೆ ಕಾರ್ಖಾನೆಯಲ್ಲಿ ಜೀತ ಮಾಡುವುದು ಬೇಡವೆಂದು ಇಬ್ಬರೂ ಬೇಕೆಂದೇ ಕೆಟ್ಟದಾಗಿ ಬಣ್ಣ ಬಳಿದು ಪಾರಾದೆವು ಎಂದು ಅವನು ಒಪ್ಪಿಕೊಳ್ಳುತ್ತಾನೆ. ಎರಡನೆಯದು ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತದ ಅಧಿಕಾರಿ ಯಾಂಗ್ ಲಿನ್ ಅರಮನೆಗೆ ಕಳಿಸಿದ ಬಿನ್ನವತ್ತಳೆ. ಎನಾಮೆಲ್ ಬಲ್ಲ ಪಾನ್ ಚುನ್ ಮತ್ತು ಯಾಂಗ್ ಶಿಝಾಂಗ್ ಎಂಬ ಕುಶಲಕರ್ಮಿಗಳನ್ನು ರಾಜಧಾನಿಗೆ ಕಳಿಸುತ್ತಿದ್ದೇನೆ, ಜೊತೆಗೆ ಒಂದಿಷ್ಟು ಸಾಮಗ್ರಿಯನ್ನೂ ಕಳಿಸುತ್ತಿದ್ದೇನೆ ಎಂಬುದು ಅದರ ಒಕ್ಕಣೆ. ಮೂರನೆಯದು ಗ್ವಾಂಗ್‌ಶಿ ಪ್ರಾಂತದ ಅಧಿಕಾರಿ ಚೆನ್ ಯುವಾನ್‌ಲಾಂಗ್ ಬರೆದ ಕೃತಜ್ಞತೆಯ ಓಲೆ. ಪ್ರಭುಗಳು ದಯಪಾಲಿಸಿದ ಎನಾಮೆಲ್ ನಶ್ಯದ ಬುರುಡೆ ಮೊದಲಾದ ವಸ್ತುಗಳು ಪರದೇಶದವನ್ನೂ ಮೀರಿಸಿವೆ ಎಂದು ಅವನು ಹೊಗಳುತ್ತಾನೆ.

ಹದಿನೆಂಟನೆಯ ಶತಮಾನದ ಚೀನೀ ಪಿಂಗಾಣಿ ಹೂದಾನಿಗಳ ಬಗ್ಗೆ ಪ್ರಚಾರದಲ್ಲಿರುವ ಕಥೆ ಚಿಕ್ಕದು, ಹೇಳಲು ಸುಲಭ. ಅದುವರೆಗೆ ಹಸಿರು, ಹಳದಿ, ಇಟ್ಟಿಗೆಗೆಂಪು ಇಷ್ಟರಲ್ಲೇ ಇದ್ದ ಚೀನೀಯರಿಗೆ ಯುರೋಪಿನ ಪಾದ್ರಿಗಳು ಗುಲಾಬಿ ಬಣ್ಣ ತಂದುಕೊಟ್ಟರು. ಅಲ್ಲಿಂದ ಪಿಂಗಾಣಿಯ ಮೇಲೆ ಪಿಯೋನಿ, ಸೇವಂತಿಗೆ, ಪೀಚ್ ಹೂಗಳು ಅರಳಿದವು ಎಂಬುದು ಕಥೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಮೇಲಿನ ಮೂರು ಕಾಗದಗಳನ್ನು ಒಟ್ಟಿಗೆ ಇಟ್ಟು ಓದಿದರೆ ಈ ಕಥೆ ನಿಲ್ಲುವುದು ಕಷ್ಟ. ತಂದುಕೊಡಬೇಕಾದವರು ಕೈಕೊಟ್ಟು ತಪ್ಪಿಸಿಕೊಳ್ಳುತ್ತಿದ್ದಾರೆ. ಬೇಕೆಂದವನು ಇನ್ನೊಂದು ದಿಕ್ಕಿನಿಂದ ತನ್ನದೇ ಪ್ರಜೆಗಳನ್ನು ಕರೆಸಿಕೊಳ್ಳುತ್ತಿದ್ದಾನೆ. ಯುರೋಪಿನಿಂದ ಬಂದದ್ದು ಬಣ್ಣದ ಗಟ್ಟಿಗಳು, ಮತ್ತು ಹೀಗೂ ಮಾಡಬಹುದು ಎಂಬ ತಿಳಿವಳಿಕೆ. ಅದನ್ನು ಪಿಂಗಾಣಿಯ ಕಲೆಯಾಗಿ ಮಾಡಿದ್ದು ಸುಮಾರು ಮೂವತ್ತು ವರ್ಷ ಎಡೆಬಿಡದೆ ನಡೆದ ಒಂದು ಸರ್ಕಾರಿ ಉದ್ಯಮ. ಹೂದಾನಿಯನ್ನು ಪಾದ್ರಿಗಳ ಕೊಡುಗೆ ಎನ್ನುವುದಕ್ಕಿಂತ ಆ ಉದ್ಯಮದ ದಾಖಲೆ ಎಂದು ನೋಡಿದರೆ ಹೆಚ್ಚು ಅರ್ಥವಾಗುತ್ತದೆ.

ಮೊದಲು ತೊಡಕು ಏನಿತ್ತು ಎಂಬುದನ್ನು ತಿಳಿಯಬೇಕು. ಪಿಂಗಾಣಿಯ ಪಾತ್ರೆ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯುತ್ತದೆ. ಆ ಬೆಂಕಿಯನ್ನು ತಾಳಿಕೊಳ್ಳುವ ಬಣ್ಣಗಳು ಕೆಲವೇ. ಕೋಬಾಲ್ಟಿನ ನೀಲಿ ಅದರಲ್ಲಿ ಮುಖ್ಯ. ಉಳಿದ ಬಣ್ಣಗಳನ್ನು ಬೆಂದು ಮೆರುಗು ಬಂದ ಪಾತ್ರೆಯ ಮೇಲೆ ಬಳಿದು, ಸಣ್ಣ ಆವಿಗೆಯಲ್ಲಿ 700ರಿಂದ 850 ಡಿಗ್ರಿಯೊಳಗೆ ಮತ್ತೊಮ್ಮೆ ಸುಡಬೇಕು. ಎನಾಮೆಲ್ ಎನ್ನುವ ಈ ಬಣ್ಣಗಳು ನಿಜದಲ್ಲಿ ಸೀಸ ಬೆರೆತ ಗಾಜಿನ ಪುಡಿ. ಲೋಹದ ಅಂಶ ಅದಕ್ಕೆ ಬಣ್ಣ ಕೊಡುತ್ತದೆ. ತಾಮ್ರದಿಂದ ಹಸಿರು, ಕಬ್ಬಿಣದಿಂದ ಹಳದಿ ಮತ್ತು ಕೆಂಪು. ಕಾಂಗ್‌ಶಿ ಕಾಲದ ಹಸಿರು ಪ್ರಧಾನವಾದ ಪಿಂಗಾಣಿಯಲ್ಲಿ ಈ ಬಣ್ಣಗಳಲ್ಲಿ ಹೆಚ್ಚಿನವು ಬಳೆಯ ಗಾಜಿನಂತೆ ಪಾರದರ್ಶಕವಾಗಿದ್ದವು. ಚಿತ್ರಕಾರ ಕಪ್ಪು ಗೆರೆಯಲ್ಲಿ ಎಲೆ ಬರೆದು ಒಳಗೆ ಹಸಿರು ತುಂಬುತ್ತಿದ್ದ. ತಿಳಿಯಿಂದ ಗಾಢಕ್ಕೆ ಮೆಲ್ಲಗೆ ಜಾರುವ ದಳವನ್ನು ಬಿಡಿಸಲು ದಾರಿಯೇ ಇರಲಿಲ್ಲ. ಅದಕ್ಕೆ ಎರಡು ವಸ್ತುಗಳು ಬೇಕು: ಇತರ ಬಣ್ಣಗಳೊಡನೆ ಕಲೆಸಬಹುದಾದ ಅಪಾರದರ್ಶಕ ಬಿಳುಪು ಮತ್ತು ಆ ಬಿಳುಪಿನಲ್ಲಿ ಕರಗಿ ತಿಳಿಯಾಗುವ ನಿಜವಾದ ಗುಲಾಬಿ. ಎರಡನೆಯದು ಚಿನ್ನದಿಂದ ಬರುತ್ತದೆ. ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಹರಡಿದ ಚಿನ್ನದ ಕಣಗಳು ಮಾಣಿಕ್ಯದ ಕೆಂಪನ್ನು ಕೊಡುತ್ತವೆ. ಜರ್ಮನಿಯ ಆಂಡ್ರಿಯಾಸ್ ಕಾಸಿಯಸ್ ಹೆಸರಿನೊಡನೆ ತಳುಕುಹಾಕಿಕೊಂಡ ಈ ವಿದ್ಯೆಯ ವಿವರ 1685ರಲ್ಲಿ ಪುಸ್ತಕರೂಪದಲ್ಲಿ ಬಂತು.

ಕಾಂಗ್‌ಶಿ ಸುಮ್ಮನೆ ಕುಳಿತು ಉಡುಗೊರೆಗೆ ಕಾಯುವ ಜಾಯಮಾನದವನಲ್ಲ. 1690ರ ದಶಕದಲ್ಲಿ ಅರಮನೆಯ ಕಾರ್ಖಾನೆಗಳನ್ನು ಕಸುಬಿಗೊಂದರಂತೆ ವಿಂಗಡಿಸಿ ಬೆಳೆಸಿದ; 1696ರಲ್ಲಿ ಜರ್ಮನಿಯ ಜೆಸೂಯಿಟ್ ಕಿಲಿಯಾನ್ ಸ್ಟುಂಪ್‌ನ ಮೇಲ್ವಿಚಾರಣೆಯಲ್ಲಿ ಗಾಜಿನ ಕಾರ್ಖಾನೆ ತೆರೆಸಿದ. ಗಾಜು ಬಂದರೆ ಎನಾಮೆಲ್ ಅರ್ಧ ಬಂದಂತೆ. ಆದರೂ ತಾಮ್ರದ ತಟ್ಟೆಯ ಮೇಲೆ ಬಳಿದದ್ದನ್ನು ನುಣುಪಾದ ಪಿಂಗಾಣಿಯ ಮೇಲೆ ನಿಲ್ಲಿಸುವುದು ಬೇರೆಯೇ ಮಾತು. ಆರಂಭದ ಅರಮನೆಯ ಬಟ್ಟಲುಗಳಲ್ಲಿ ಒಳಭಾಗಕ್ಕೆ ಮಾತ್ರ ಮೆರುಗು ಕೊಟ್ಟು, ಬಣ್ಣ ಹಿಡಿದುಕೊಳ್ಳಲೆಂದು ಹೊರಮೈಯನ್ನು ಬರಿದಾಗಿ ಬಿಟ್ಟಿರುವುದು ಈಗಲೂ ಕಾಣುತ್ತದೆ. ಹಿನ್ನೆಲೆಗೆ ಹಳದಿ, ನೀಲಿ ಅಥವಾ ಗುಲಾಬಿಯನ್ನು ದಟ್ಟವಾಗಿ ಬಳಿದು ಅದರ ಮೇಲೆ ಹೂ ಬಿಡಿಸುತ್ತಿದ್ದರು. ಬಣ್ಣ ಇನ್ನೂ ಪಳಗಿರಲಿಲ್ಲ. ಪಿಂಗಾಣಿಯ ಬಿಳುಪನ್ನು ತೋರಿಸುವ ಧೈರ್ಯ ಬಂದಿರಲಿಲ್ಲ. 1719ರಲ್ಲಿ ಫ್ರಾನ್ಸಿನಿಂದ ಗ್ರಾವೆರೊ ಎಂಬ ನುರಿತ ಎನಾಮೆಲ್ ಕೆಲಸಗಾರ ಬಂದ. ಆರೋಗ್ಯ ಕೆಟ್ಟು 1722ರಲ್ಲಿ ಮರಳಿದ. ಪಾದ್ರಿಗಳ ಕಥೆಗೆ ಗಟ್ಟಿ ಆಧಾರವಾಗಬಲ್ಲ ವ್ಯಕ್ತಿ ಇವನೊಬ್ಬನೇ. ಅವನು ಅಲ್ಲಿದ್ದದ್ದು ಮೂರು ವರ್ಷ. ಅವನು ಬರುವ ಮೂರು ವರ್ಷ ಮೊದಲೇ ಪಾನ್ ಚುನ್ ಗ್ವಾಂಗ್‌ಝೌನಿಂದ ಹೊರಟಿದ್ದ. ಯಾಂಗ್ ಲಿನ್ ಕಳಿಸಿದ ಸಾಮಾನಿನ ಪಟ್ಟಿಯಲ್ಲಿ ಪಾನ್ ಚುನ್ ತಾನೇ ತಯಾರಿಸಿದ, ಚಿನ್ನಕ್ಕೆ ತಾಮ್ರ ಸೇರಿಸಿ ಮಾಡುವ ಪೀಚ್ ಬಣ್ಣದ ಕೆಂಪಿನ ಸಾಮಗ್ರಿಯೂ ಇದೆ.

ಈ ಒಂದು ನಮೂದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇದು ಎರಡೂ ಕಡೆ ಕೊಯ್ಯುತ್ತದೆ. ಗುಲಾಬಿಯ ಗುಟ್ಟು ಬೀಜಿಂಗ್‌ನ ಪಾದ್ರಿಗಳ ಕೈಯಲ್ಲಿ ಮಾತ್ರ ಇತ್ತು ಎಂಬ ಮಾತನ್ನು ಅದು ಒಡೆಯುತ್ತದೆ. ಅದೇ ಹೊತ್ತಿಗೆ, ಎಲ್ಲವೂ ಅರಮನೆಯ ಸಾಧನೆ ಎಂಬ ಮಾತಿಗೂ ಅಡ್ಡ ಬರುತ್ತದೆ. ಗ್ವಾಂಗ್‌ಝೌ ಬಂದರು, ಯುರೋಪಿನ ಹಡಗುಗಳು ಗಡಿಯಾರ, ಎನಾಮೆಲ್ ಡಬ್ಬಿ, ಬಣ್ಣದ ಗಟ್ಟಿಗಳನ್ನು ಇಳಿಸುತ್ತಿದ್ದ ಜಾಗ. ಅಲ್ಲಿನ ಕಸುಬುದಾರರು ಯಾರ ಅಪ್ಪಣೆಗೂ ಕಾಯದೆ, ವ್ಯಾಪಾರದ ಆಸೆಯಿಂದ, ಪರದೇಶದ ಸರಕನ್ನು ಒಡೆದು ನೋಡಿ ಕಲಿಯುತ್ತಿದ್ದರು ಎಂದು ಊಹಿಸುವುದು ತಪ್ಪಾಗದು. ಹಾಗಾದರೆ ಶ್ರೇಯಸ್ಸು ಬಂದರಿನ ಪೇಟೆಗೆ ಸಲ್ಲಬೇಡವೇ ಎಂದು ಕೇಳಬಹುದು. ಬಣ್ಣ ಕಂಡುಕೊಂಡ ಮಟ್ಟಿಗೆ ಅದರ ಪಾಲು ದೊಡ್ಡದೇ. ಆದರೆ ಬಣ್ಣ ಗೊತ್ತಿರುವುದು ಒಂದು, ಅದನ್ನು ಹದ ತಪ್ಪದೆ, ವರ್ಷವರ್ಷವೂ, ನೂರಾರು ಪಾತ್ರೆಗಳ ಮೇಲೆ ಒಂದೇ ಛಾಯೆಯಲ್ಲಿ ತರುವುದು ಇನ್ನೊಂದು. ಅದಕ್ಕೆ ಬೇಕಾದ ಹಣ, ಗಾಜಿನ ಕುಲುಮೆ, ಚಿತ್ರಕಾರರು, ಪಿಂಗಾಣಿ ಮಣ್ಣು ಇವೆಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದಿದ್ದವನು ಚಕ್ರವರ್ತಿಯೊಬ್ಬನೇ.

ಕಾಂಗ್‌ಶಿಯ ಮಗ ಯೋಂಗ್‌ಝೆಂಗ್ ಆಳಿದ್ದು 1722ರ ಕೊನೆಯಿಂದ 1735ರವರೆಗೆ, ಹದಿಮೂರು ವರ್ಷ ಅಷ್ಟೆ. ಸಂಶಯದ ಸ್ವಭಾವ, ರಾತ್ರಿಯವರೆಗೆ ಕಡತ ಓದುವ ಚಟ, ವಸ್ತುಗಳ ವಿಷಯದಲ್ಲಿ ಅಪಾರ ರುಚಿ. ಅವನ ಕಾಲದಲ್ಲಿ ಎನಾಮೆಲ್ ಎಷ್ಟು ದುರ್ಲಭವಾಗಿತ್ತು ಎಂಬುದಕ್ಕೆ 1724ರ ಒಂದು ಪ್ರಸಂಗ ಸಾಕು. ದಂಡನಾಯಕ ನಿಯಾನ್ ಗೆಂಗ್‌ಯಾವ್ ತನಗೂ ಒಂದೆರಡು ಎನಾಮೆಲ್ ವಸ್ತು ಕೊಡಿಸಬೇಕೆಂದು ಬಿನ್ನವಿಸಿಕೊಂಡ; ತನ್ನದು ದುರಾಸೆ ಎಂದು ತಾನೇ ಬರೆದುಕೊಂಡ. ಚಕ್ರವರ್ತಿ ಆ ಬಿನ್ನವತ್ತಳೆಯ ಮೇಲೆಯೇ ಉತ್ತರ ಬರೆದ: ಇನ್ನೂ ಚೆನ್ನಾಗಿ ಮಾಡಿಸಲು ಪುರುಸೊತ್ತಾಗಿಲ್ಲ, ಇರುವುದರಲ್ಲಿ ಕೆಲವನ್ನು ಕಳಿಸಿದ್ದೇನೆ, ದುರಾಸೆ ಎಂಬ ಆ ಮಾತು ಬರೆಯದಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ. ತಮಾಷೆಯ ಧಾಟಿಯೇ. ಎರಡು ವರ್ಷ ಕಳೆಯುವುದರೊಳಗೆ ಇದೇ ದಂಡನಾಯಕ ಅಪರಾಧಿಯೆನಿಸಿ ಆತ್ಮಹತ್ಯೆಯ ಆಜ್ಞೆ ಪಡೆದ. ಅವನ ಅಣ್ಣ ನಿಯಾನ್ ಶೀಯಾವ್ ಮಾತ್ರ ಉಳಿದುಕೊಂಡು, ಜಿಯಾಂಗ್‌ಶಿ ಪ್ರಾಂತದ ಜಿಂಗ್‌ಡೆಝೆನ್‌ನ ಸರ್ಕಾರಿ ಪಿಂಗಾಣಿ ಆವಿಗೆಗಳ ಹೊಣೆ ಹೊತ್ತ. ಎನಾಮೆಲ್ ಆ ಆಸ್ಥಾನದಲ್ಲಿ ಬರೀ ಅಲಂಕಾರವಾಗಿರಲಿಲ್ಲ. ಯಾರು ಹತ್ತಿರ, ಯಾರು ದೂರ ಎಂಬುದನ್ನು ಅಳೆಯುವ ಸಾಧನವಾಗಿತ್ತು. ಅಂಥದ್ದನ್ನು ಹಡಗಿನ ಮೇಲೆ ಬರುವ ಬಣ್ಣದ ಗಟ್ಟಿಗೆ ಕಟ್ಟಿಹಾಕಿಕೊಳ್ಳಲು ಯಾವ ದೊರೆ ಒಪ್ಪುತ್ತಾನೆ?

1728ರ ಅರಮನೆ ಕಾರ್ಖಾನೆಯ ದಫ್ತರ ಇದಕ್ಕೆ ನೇರ ಸಾಕ್ಷಿ. ಕಾರ್ಖಾನೆಗಳ ಉಸ್ತುವಾರಿ ಹೊತ್ತಿದ್ದ ಚಕ್ರವರ್ತಿಯ ತಮ್ಮ, ಯೀ ಪದವಿಯ ರಾಜಕುಮಾರ ಯಿನ್‌ಶಿಯಾಂಗ್, ಬಣ್ಣದ ಮಾದರಿಗಳನ್ನು ಒಪ್ಪಿಸಿದ. ಪಡುವಣದಿಂದ ಬಂದ ಬಣ್ಣಗಳು ಒಂದು ಕಡೆ. ಅರಮನೆಯಲ್ಲೇ ಹೊಸದಾಗಿ ಕಾಯಿಸಿ ತೆಗೆದ ಒಂಬತ್ತು ಬಣ್ಣ, ಅದರ ಮೇಲೆ ಹೆಚ್ಚುವರಿಯಾಗಿ ಇನ್ನೂ ಒಂಬತ್ತು, ಇನ್ನೊಂದು ಕಡೆ. ಹೆಚ್ಚುವರಿ ಪಟ್ಟಿಯಲ್ಲಿ ಮೆದು ಬಿಳುಪು, ತಾವರೆಯ ನಸುನೇರಳೆ, ದ್ರಾಕ್ಷಿಯ ಗಾಢವರ್ಣ ಇಂಥವು ಸೇರಿವೆ. ಇವನ್ನು ಮಾದರಿಯಾಗಿ ಇಟ್ಟುಕೊಂಡು, ಸೋಂಗ್ ಚೀಗೆ ಎಂಬವನು ಗಾಜಿನ ಕಾರ್ಖಾನೆಯಲ್ಲಿ ಒಂದೊಂದು ಬಣ್ಣವನ್ನೂ 300 ಜಿನ್‌ನಂತೆ, ಅಂದರೆ ಸುಮಾರು 180 ಕಿಲೊ, ಕಾಯಿಸಬೇಕೆಂದು ಆದೇಶವಾಯಿತು. ಬಣ್ಣ ಕಲೆಸಲು ಪರದೇಶಿಗಳು ಒಂದು ಬಗೆಯ ಎಣ್ಣೆ ಬಳಸುತ್ತಾರಂತೆ, ಅರಮನೆಯ ಉಗ್ರಾಣದಲ್ಲಿ ಇದೆಯೇ ಹುಡುಕಿ ಎಂಬ ಸೂಚನೆಯೂ ಅದರಲ್ಲಿದೆ. ಇನ್ನೊಂದು ಸಾಲು ಎಲ್ಲಕ್ಕಿಂತ ಮುಖ್ಯ: ದಾಸ್ತಾನಿನಲ್ಲಿ ಕೆಲವು ಬಣ್ಣ ಎಷ್ಟಿದೆ ನೋಡಿ ತಿಳಿಸಿ, ಪಿಂಗಾಣಿ ಸುಡಲು ನಿಯಾನ್ ಶೀಯಾವ್‌ಗೆ ಕೊಡಬೇಕು. ಬೀಜಿಂಗ್‌ನ ಗಾಜಿನ ಕುಲುಮೆಗೂ ಸಾವಿರ ಕಿಲೊಮೀಟರಿಗೂ ಆಚೆ ಇರುವ ಜಿಯಾಂಗ್‌ಶಿ ಪ್ರಾಂತದ ಆವಿಗೆಗಳಿಗೂ ಹಾಕಿದ ಗಂಟು ಈ ಸಾಲಿನಲ್ಲಿ ಕಣ್ಣಾರೆ ಕಾಣುತ್ತದೆ. 300 ಜಿನ್ ಎಂಬುದು ಪ್ರಯೋಗದ ಅಳತೆಯಲ್ಲ, ಉತ್ಪಾದನೆಯ ಅಳತೆ.

ಇಲ್ಲಿ ಎದ್ದುಬರುವ ಆಕ್ಷೇಪಣೆಗಳು ಸಣ್ಣವಲ್ಲ. ಚಿನ್ನದ ಕೆಂಪಿನ ರಸಾಯನ ಯುರೋಪಿನಲ್ಲಿ ಮೊದಲು ಅಚ್ಚಾದದ್ದು ನಿಜ ತಾನೆ? ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಚೀನೀ ಪಿಂಗಾಣಿಯ ಗುಲಾಬಿಯಲ್ಲಿರುವುದೂ ಚಿನ್ನದ ಕಣಗಳೇ. ಆದರೆ ಪೂರ್ತಿ ಪಾಕ ಎತ್ತಿಕೊಂಡು ಬಂದದ್ದು ಎನ್ನುವುದಕ್ಕೆ ಬಿಳುಪು ಅಡ್ಡ ನಿಲ್ಲುತ್ತದೆ. ಯುರೋಪಿನ ಎನಾಮೆಲ್ ಕೆಲಸಗಾರರು ಬಿಳುಪನ್ನು ಬಹುಮಟ್ಟಿಗೆ ತವರದಿಂದ ಪಡೆಯುತ್ತಿದ್ದರು. ಚೀನೀ ಹೂದಾನಿಯ ಮೇಲಿನ ಬಿಳುಪನ್ನು ಪರೀಕ್ಷಿಸಿದಾಗ ಕಂಡದ್ದು ಸೀಸ ಮತ್ತು ಪಾಷಾಣದ ಸಂಯುಕ್ತ. ಪಾಷಾಣದಿಂದ ಗಾಜನ್ನು ಬಿಳುಪಾಗಿಸುವುದು ವೆನಿಸ್‌ನಲ್ಲೂ ಗೊತ್ತಿತ್ತು ಎಂದು ಮರುವಾದ ಹೂಡಬಹುದು, ಹೂಡಿದ್ದಾರೆ ಕೂಡ. ಆದರೂ ಎಲ್ಲಿಂದಲೋ ಕೇಳಿದ ಒಂದು, ಎಲ್ಲಿಂದಲೋ ಬಂದ ಇನ್ನೊಂದು, ಕೈಯಲ್ಲಿದ್ದ ಮೂರನೆಯದು ಹೀಗೆ ಕೂಡಿಸಿಕೊಂಡು ಪಿಂಗಾಣಿಯ ಮೇಲೆ ನಿಲ್ಲುವಂತೆ ಹದ ಮಾಡಿದ್ದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಬದಲಾಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಚೀನೀಯರ ಬಾಯಿಂದಲೇ ಬಂದದ್ದು. ಜಿಂಗ್‌ಡೆಝೆನ್‌ನ ಆವಿಗೆಗಳನ್ನು ನೋಡಿಕೊಂಡ ತಾಂಗ್ ಯಿಂಗ್ 1735ರಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ ಪಟ್ಟಿಯಲ್ಲಿ ಅಲ್ಲಿ ತಯಾರಾಗುವ 57 ಬಗೆಗಳು ಇವೆ. ಅವುಗಳಲ್ಲಿ ಒಂದು, ಪಡುವಣದ ಎನಾಮೆಲ್ ಚಿತ್ರಕ್ರಮವನ್ನು ಅನುಸರಿಸಿ ಹೊಸದಾಗಿ ಮಾಡಿದ ಬಣ್ಣದ ಕೆಲಸ ಎಂದು ಅವನೇ ಬರೆಸಿದ್ದಾನೆ. ಮೇಲಧಿಕಾರಿ ನಿಯಾನ್ ಶೀಯಾವ್ ಕೂಡ ಕಾಸ್ತಿಲ್ಯೋನೆಯಿಂದ ಕಲಿತು ಯುರೋಪಿನ ಪರಿಪ್ರೇಕ್ಷ್ಯ ವಿದ್ಯೆಯ ಬಗ್ಗೆ 1729ರಲ್ಲಿ ಪುಸ್ತಕ ಪ್ರಕಟಿಸಿ, ಆ ಋಣವನ್ನು ಒಪ್ಪಿಕೊಂಡವನು. ಇಷ್ಟಿದ್ದ ಮೇಲೆ ವಾದ ಏಕೆ? ವಾದ ಇರುವುದು ಋಣದ ಬಗ್ಗೆ ಅಲ್ಲ, ಋಣ ತೀರಿಸಿದ ಬಗೆಯ ಬಗ್ಗೆ. ಅನುಸರಿಸಿದ್ದು ಛಾಯೆ ಕೊಡುವ ಕ್ರಮ. ಕಲ್ಲಿನ ಪಟ್ಟಿಯಲ್ಲಿ ತಾಂಗ್ ಯಿಂಗ್ ಅದನ್ನು ಹಳೆಯ ಸೋಂಗ್ ಕಾಲದ ಮೆರುಗುಗಳ ಅನುಕರಣೆಯ ಸಾಲಿನಲ್ಲೇ ಇಟ್ಟಿದ್ದಾನೆ, ಅಂದರೆ ನಮ್ಮ ಕೈಗೆ ಸಾಧ್ಯವಾದ ಇನ್ನೊಂದು ಬಗೆ ಎಂಬಂತೆ. ಪರದೇಶದ್ದು ಎಂದು ನಾಚಿಕೆಯಿಲ್ಲದೆ ಹೇಳಿಕೊಳ್ಳಲು ಅದು ಆ ಹೊತ್ತಿಗೆ ಸ್ವಂತದ್ದಾಗಿರಬೇಕು. ಇನ್ನು ಚೆನ್ ಯುವಾನ್‌ಲಾಂಗ್‌ನ ಹೊಗಳಿಕೆ ಮುಖಸ್ತುತಿಯಲ್ಲವೇ ಎಂದರೆ, ಖಂಡಿತ ಮುಖಸ್ತುತಿ. ಆದರೆ ಅಧಿಕಾರಿ ಹೊಗಳುವುದು ದೊರೆಗೆ ಯಾವುದು ಕೇಳಬೇಕೆನಿಸುತ್ತದೋ ಅದನ್ನೇ. ಪರದೇಶದವನ್ನು ಮೀರಿಸಿವೆ ಎಂಬ ಮಾತು ವಸ್ತುವಿನ ಗುಣಕ್ಕೆ ಸಾಕ್ಷಿಯಾಗದಿದ್ದರೂ ದೊರೆಯ ಇಂಗಿತಕ್ಕೆ ಸಾಕ್ಷಿ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಎಷ್ಟೋ ಪರದೇಶದ ಚಮತ್ಕಾರಗಳು ಆ ಆಸ್ಥಾನಕ್ಕೆ ಬಂದು ಆಟಿಕೆಗಳಾಗಿ ಮೂಲೆ ಸೇರಿದವು, ಇದೊಂದು ಬಣ್ಣ ಏಕೆ ಬೇರೂರಿತು? ಉತ್ತರ ಹೂಗಳಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಚಾಂಗ್‌ಝೌ ಊರಿನ ಯುನ್ ಶೌಪಿಂಗ್ (1633–1690) ಎಂಬ ಚಿತ್ರಕಾರ ಹಳೆಯ ಪದ್ಧತಿಯೊಂದಕ್ಕೆ ಮರುಜೀವ ಕೊಟ್ಟಿದ್ದ. ಹೊರಗೆರೆಯೇ ಇಲ್ಲದೆ, ಬಣ್ಣ ಮತ್ತು ನೀರಿನ ಏರಿಳಿತದಿಂದಲೇ ದಳವನ್ನು ಮೂಡಿಸುವ ಪದ್ಧತಿ ಅದು. ಆಸ್ಥಾನದ ಜಿಯಾಂಗ್ ತಿಂಗ್‌ಶಿಯಂಥವರು ಅದೇ ದಾರಿಯಲ್ಲಿ ಹೂ ಬರೆಯುತ್ತಿದ್ದರು. ರೇಷ್ಮೆಯ ಮೇಲೆ, ಕಾಗದದ ಮೇಲೆ ಇಂಥ ಹೂಗಳನ್ನು ನೋಡಿ ಕಣ್ಣು ಪಳಗಿದ್ದ ಜನಕ್ಕೆ ಪಿಂಗಾಣಿಯ ಮೇಲಿನ ಕಪ್ಪುಗೆರೆಯ, ತುಂಬುಬಣ್ಣದ ಹೂ ಒರಟಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಬಿಳುಪಿನಲ್ಲಿ ಕಲೆಸಿದ ಗುಲಾಬಿ ಆ ಕೊರತೆಯನ್ನು ಸರಿಯಾಗಿ ತುಂಬಿತು. ಬಣ್ಣ ಬಂದದ್ದರಿಂದ ಚಿತ್ರ ಬದಲಾಯಿತು ಎನ್ನುವುದಕ್ಕಿಂತ, ಚಿತ್ರ ಮೊದಲೇ ಬದಲಾಗಿ ಬಣ್ಣಕ್ಕಾಗಿ ಕಾಯುತ್ತಿತ್ತು ಎನ್ನಬೇಕು. ಶಾಂಘೈ ಮ್ಯೂಸಿಯಂನಲ್ಲಿರುವ ಯೋಂಗ್‌ಝೆಂಗ್ ಕಾಲದ ಪೀಚ್ ಹೂದಾನಿ ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 40 ಸೆಂಟಿಮೀಟರ್ ಎತ್ತರದ, ಆಲಿವ್ ಕಾಯಿಯ ಆಕಾರದ ಪಾತ್ರೆ. ಒಂದು ಕೊಂಬೆ ಅದರ ಮೈಯನ್ನು ಬಳಸಿ ಏರುತ್ತದೆ, ಅದರಲ್ಲಿ ಎಂಟು ಹಣ್ಣು, ನಡುನಡುವೆ ಹೂ, ಎರಡು ಬಾವಲಿ. ಹಣ್ಣಿನ ತುದಿಯಲ್ಲಿ ಗುಲಾಬಿ ದಟ್ಟವಾಗಿದ್ದು ತೊಟ್ಟಿನ ಕಡೆ ಹಳದಿ ಬೆರೆತ ಹಸಿರಿಗೆ ಕರಗುತ್ತದೆ. ಹಿನ್ನೆಲೆಯ ಬಣ್ಣವೇ ಇಲ್ಲ. ಮೂರು ಪಾಲು ಬರೀ ಬಿಳುಪು. ಕಾಂಗ್‌ಶಿ ಕಾಲದಲ್ಲಿ ಇಲ್ಲದ ಧೈರ್ಯ ಇಲ್ಲಿದೆ. ಅಮೆರಿಕದ ಮನೆಯೊಂದರಲ್ಲಿ ಇದು ವರ್ಷಗಟ್ಟಲೆ ದೀಪದ ಬುಡವಾಗಿತ್ತು. ಪುಣ್ಯಕ್ಕೆ ತಂತಿಗಾಗಿ ತಳಕ್ಕೆ ತೂತು ಕೊರೆದಿರಲಿಲ್ಲ. 2002ರಲ್ಲಿ ಹಾಂಗ್‌ಕಾಂಗ್‌ನ ಹರಾಜಿನಲ್ಲಿ 4 ಕೋಟಿ 15 ಲಕ್ಷ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಕೊಂಡವರು ಮ್ಯೂಸಿಯಂಗೆ ದಾನ ಮಾಡಿದರು.

ಉದ್ಯಮ ಎಂದ ಮೇಲೆ ಕೈಗಳ ಮಾತು ಬರಲೇಬೇಕು. ಜಿಂಗ್‌ಡೆಝೆನ್‌ನಲ್ಲಿ ವರ್ಷಗಟ್ಟಲೆ ಇದ್ದ ಫ್ರೆಂಚ್ ಜೆಸೂಯಿಟ್ ದಾಂತ್ರಕೋಲ್ 1712 ಮತ್ತು 1722ರಲ್ಲಿ ಬರೆದ ದೀರ್ಘ ಪತ್ರಗಳಲ್ಲಿ, ಒಂದು ಪಾತ್ರೆ ಬೆಂದು ಹೊರಬರುವಷ್ಟರಲ್ಲಿ ಎಪ್ಪತ್ತು ಕೈ ದಾಟಿರುತ್ತದೆ ಎನ್ನುತ್ತಾನೆ. ಒಬ್ಬ ಹೂವನ್ನೇ ಬರೆಯುವವನು, ಇನ್ನೊಬ್ಬ ಬೆಟ್ಟವನ್ನೇ. ಅವನ ಪತ್ರಗಳನ್ನು ಯುರೋಪಿನಲ್ಲಿ ಪಿಂಗಾಣಿಯ ಗುಟ್ಟಿಗಾಗಿ ಹಸಿದವರು ಓದಿದರು. ವಿದ್ಯೆ ಹರಿದದ್ದು ಒಂದೇ ದಿಕ್ಕಿಗಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ. ತಾಂಗ್ ಯಿಂಗ್ 1728ರಲ್ಲಿ ಜಿಂಗ್‌ಡೆಝೆನ್‌ಗೆ ಬಂದಾಗ ಪಿಂಗಾಣಿಯ ಗಂಧಗಾಳಿ ಅವನಿಗೆ ಇರಲಿಲ್ಲ. ಹೊರಗಿನವರ ಒಡನಾಟ ಬಿಟ್ಟು ಮೂರು ವರ್ಷ ಕೆಲಸಗಾರರೊಡನೆಯೇ ಉಂಡು ಮಲಗಿ ಕಲಿತೆನೆಂದು ಅವನೇ ಬರೆದಿದ್ದಾನೆ. ಅತ್ಯುತ್ತಮ ದರ್ಜೆಯ ಪಾತ್ರೆಗಳನ್ನು ಅಲ್ಲಿ ಬಿಳಿಯಾಗಿಯೇ ಸುಟ್ಟು, ಹೊಳೆ, ಸರೋವರ, ಯಾಂಗ್‌ತ್ಸೆ, ಮಹಾಕಾಲುವೆಗಳ ಮೂಲಕ ದೋಣಿಯಲ್ಲಿ ಬೀಜಿಂಗ್‌ಗೆ ಸಾಗಿಸಿ ಅರಮನೆಯಲ್ಲೇ ಬಣ್ಣ ಹಚ್ಚುತ್ತಿದ್ದರು. ತಾನ್ ರೋಂಗ್, ಝೌ ವೆನ್‌ಯು ಮುಂತಾದ ಚಿತ್ರಕಾರರ ಹೆಸರು ದಫ್ತರದಲ್ಲಿ ಉಳಿದಿದೆ. ಆವಿಗೆಗೆ ಸೌದೆ ಹಾಕಿದವರದು ಉಳಿದಿಲ್ಲ.

ಯೋಂಗ್‌ಝೆಂಗ್‌ನ ಮಗ ಚಿಯಾನ್‌ಲಾಂಗ್ ಕಾಲಕ್ಕೆ ಬಣ್ಣ ಕೈವಶವಾಗಿತ್ತು, ಆದ್ದರಿಂದಲೇ ಸಂಯಮ ತಪ್ಪಿತು ಎಂದು ನನ್ನ ಅಭಿಪ್ರಾಯ. ಒಳಗೊಂದು ಹೊರಗೊಂದು ಪಾತ್ರೆ ಇಟ್ಟು ತಿರುಗುವಂತೆ ಮಾಡಿದ ಹೂದಾನಿಗಳು, ಸೂಜಿಯಲ್ಲಿ ಬಳ್ಳಿ ಗೀರಿದ ಬಣ್ಣದ ನೆಲದ ಮೇಲೆ ಹೂ, ಬಿಳುಪು ಒಂದಿಂಚೂ ಕಾಣದಂತೆ ಒತ್ತೊತ್ತಾಗಿ ತುಂಬಿದ ನೂರು ಹೂಗಳು: ಕೈಚಳಕಕ್ಕೆ ಬೆರಗಾಗಬಹುದು, ಕಣ್ಣಿಗೆ ವಿಶ್ರಾಂತಿಯಿಲ್ಲ. ಹರಾಜಿನ ಪೇಟೆ ನನ್ನ ಮಾತನ್ನು ಒಪ್ಪುವುದಿಲ್ಲ. 2018ರಲ್ಲಿ ಫ್ರಾನ್ಸಿನ ಅಟ್ಟವೊಂದರಲ್ಲಿ ಚಪ್ಪಲಿ ಡಬ್ಬಿಯೊಳಗೆ ಸಿಕ್ಕ ಚಿಯಾನ್‌ಲಾಂಗ್ ಹೂದಾನಿ ಪ್ಯಾರಿಸ್‌ನಲ್ಲಿ 1 ಕೋಟಿ 62 ಲಕ್ಷ ಯೂರೋಗೆ ಮಾರಾಟವಾಯಿತು. ಇತ್ತ ಗ್ವಾಂಗ್‌ಝೌನ ಕಸುಬುದಾರರು ಜಿಂಗ್‌ಡೆಝೆನ್‌ನಿಂದ ಬಿಳಿ ತಟ್ಟೆಗಳನ್ನು ತರಿಸಿ, ಯುರೋಪಿನ ಶ್ರೀಮಂತರ ವಂಶಲಾಂಛನಗಳನ್ನು ಅದೇ ಗುಲಾಬಿಯಲ್ಲಿ ಬರೆದು ಹಡಗಿಗೆ ಏರಿಸುತ್ತಿದ್ದರು. ಬಂದ ದಾರಿಯಲ್ಲೇ ಬಣ್ಣ ಬೆಲೆ ಹೆಚ್ಚಿಸಿಕೊಂಡು ಮರಳಿತು. ಅರಮನೆಯ ಪಿಂಗಾಣಿಯನ್ನು ಅದರ ಗೋಡೆಗಳಾಚೆ ಗಂಭೀರ ಅಧ್ಯಯನಕ್ಕೆ ತಂದವರಲ್ಲಿ ಒಬ್ಬರು 1892ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಸರ್ ಪರ್ಸಿವಲ್ ಡೇವಿಡ್. ಅವರು ಕೂಡಿಹಾಕಿದ ಸುಮಾರು 1,700 ವಸ್ತುಗಳು ಈಗ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

1793ರಲ್ಲಿ ಇಂಗ್ಲೆಂಡಿನ ದೂತ ಮೆಕಾರ್ಟ್ನಿ ತಂದ ಉಡುಗೊರೆಗಳಲ್ಲಿ ವೆಡ್ಜ್‌ವುಡ್ ಕಾರ್ಖಾನೆಯ ಪಾತ್ರೆಗಳೂ ಇದ್ದವು. ನಿಮ್ಮ ದೇಶದ ತಯಾರಿಕೆಗಳ ಅಗತ್ಯ ನಮಗಿಲ್ಲ ಎಂಬ ಅರ್ಥದಲ್ಲಿ ಚಿಯಾನ್‌ಲಾಂಗ್ ಮೂರನೆಯ ಜಾರ್ಜ್ ದೊರೆಗೆ ಬರೆಸಿದ ಓಲೆಯನ್ನು ಚೀನಾದ ಕುರುಡು ಜಂಬಕ್ಕೆ ಉದಾಹರಣೆಯಾಗಿ ಎಲ್ಲರೂ ಎತ್ತಿ ತೋರಿಸುತ್ತಾರೆ. ಪಿಂಗಾಣಿಯ ಮಟ್ಟಿಗಾದರೂ ಅದು ಜಂಬವಲ್ಲ, ಲೆಕ್ಕ. ಅಜ್ಜ ಬಣ್ಣದ ಗಟ್ಟಿಗಾಗಿ ಪಾದ್ರಿಗಳನ್ನು ಪೀಡಿಸಿದ್ದ, ಅಪ್ಪ ಒಂದೊಂದು ಬಣ್ಣಕ್ಕೆ 300 ಜಿನ್ ಕಾಯಿಸಿದ್ದ. ಮೊಮ್ಮಗನಿಗೆ ಕೊಳ್ಳಬೇಕಾದದ್ದು ಏನೂ ಉಳಿದಿರಲಿಲ್ಲ. ಆ ಲೆಕ್ಕದ ಮೊದಲ ಪುಟವನ್ನು ಅವನೇನೂ ಹರಿದುಹಾಕಿರಲಿಲ್ಲ. 1738ರಲ್ಲಿ ತಾನೇ ಅಪ್ಪಣೆ ಕೊಟ್ಟು ಮಾಡಿಸಿದ ಮರದ ಪೆಟ್ಟಿಗೆಗಳಲ್ಲಿ ಅರಮನೆಯ ಎನಾಮೆಲ್ ಪಾತ್ರೆಗಳನ್ನು ಜೋಡಿಸಿಟ್ಟಿದ್ದರು. ಇಂದು ಅವುಗಳಲ್ಲಿ ಹೆಚ್ಚಿನವು ತೈಪೆಯ ರಾಷ್ಟ್ರೀಯ ಅರಮನೆ ಮ್ಯೂಸಿಯಂನಲ್ಲಿವೆ. ಜಿಂಗ್‌ಡೆಝೆನ್‌ನಲ್ಲಿ ಬಣ್ಣ ಹಚ್ಚಿದ ಪಾತ್ರೆಗಳ ಪೆಟ್ಟಿಗೆಗಳ ಮೇಲೆ, ಇದು ಪಿಂಗಾಣಿಯ ಮೈ, ಪಡುವಣದ ಬಣ್ಣ ಎಂದು ಕೆತ್ತಿದ್ದಾರೆ.